ಒಂದೇ ಊರು, ಐದು ದಿನ

ಕೇಳುಗರಿಗೆ ನಮಸ್ಕಾರ. ರಜೆಗೆಂದು ಜರ್ಮನಿಗೆ ಹೊರಟವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಎಂಟು ದಿನದಲ್ಲಿ ಎಷ್ಟು ಊರು ಮುಗಿಸಬಹುದು ಮೇಡಂ?’ ಮುಗಿಸುವುದಕ್ಕೆ ಊರೇನು ಎಲೆಯ ಮೇಲಿನ ಅನ್ನವೇ? ಇಷ್ಟು ವರ್ಷ ಜರ್ಮನ್ ಕಲಿಸಿದ ಸಲುಗೆಯಿಂದ ಹೇಳುತ್ತೇನೆ, ಒಂದೇ ಊರು ಆರಿಸಿಕೊಳ್ಳಿ. ನಡೆದೇ ಸುತ್ತುವಷ್ಟು ದೊಡ್ಡದಿದ್ದರೆ ಸಾಕು. ಅಲ್ಲಿ ಐದು ದಿನ ಕುಳಿತುಬಿಡಿ.

ನನ್ನ ಆಯ್ಕೆ ಟ್ಯೂಬಿಂಗನ್. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಜನಸಂಖ್ಯೆ ಸುಮಾರು 90,000. ವಿಶ್ವವಿದ್ಯಾಲಯ 1477ರದು, ಹಾಗಾಗಿ ಎಲ್ಲಿ ನೋಡಿದರೂ ವಿದ್ಯಾರ್ಥಿಗಳು ಮತ್ತು ಸೈಕಲ್ಲುಗಳು. ನಮ್ಮ ನಿಘಂಟಿನ ಕಿಟ್ಟೆಲ್ ಅವರಿಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ಕಣ್ಣುಮುಚ್ಚಿದ್ದೂ ಇದೇ ಊರಿನಲ್ಲಿ.

ಒಮ್ಮೆ ಅಕ್ಕ, ಭಾವನವರ ಜೊತೆ ಅಲ್ಲಿಗೆ ಹೋಗಿದ್ದೆ. ಭಾವನವರ ಜೇಬಿನಲ್ಲಿ ಆರು ಊರುಗಳ ಪಟ್ಟಿ, ಒಂದೊಂದರ ಮುಂದೆಯೂ ರೈಲಿನ ಹೊತ್ತು. ಶನಿವಾರ ರಾತ್ರಿ ತಲುಪಿದೆವು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೈಡೆಲ್‌ಬರ್ಗಿನ ಕಡೆ ಹೊರಡಬೇಕು. ಹಾಲು, ಮೊಸರು ತರುತ್ತೇನೆಂದು ಹೋದ ಭಾವನವರು ಗಂಟೆ ಕಳೆದರೂ ಪತ್ತೆಯಿಲ್ಲ. ಕೊನೆಗೆ ಬರಿಗೈಯಲ್ಲಿ ಬಂದು, ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದರು: ‘ಏನಮ್ಮ, ಊರಿಗೆ ಊರೇ ಬಾಗಿಲು ಹಾಕಿದೆ, ಯಾರಾದರೂ ದೊಡ್ಡವರು ತೀರಿಕೊಂಡರೇ?’

ಯಾರೂ ತೀರಿಕೊಂಡಿರಲಿಲ್ಲ. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ, ಅಷ್ಟೇ. ಈ ವಿಚಾರಣೆಯಲ್ಲಿ ರೈಲು ತಪ್ಪಿತು. ಅಕ್ಕ ಬೆಂಗಳೂರಿನಿಂದ ಹೊತ್ತು ತಂದಿದ್ದ ಅವಲಕ್ಕಿಗೆ ಚಟ್ನಿಪುಡಿ ಕಲಸಿದಳು. ಡಬ್ಬಿ ಹಿಡಿದು ನೆಕ್ಕರ್ ನದಿಯ ಕಟ್ಟೆಯ ಮೇಲೆ ಕುಳಿತೆವು. ಕೆಳಗೆ ಉದ್ದನೆಯ ಚಪ್ಪಟೆ ದೋಣಿಗಳು, ಹಿಂದೆ ನಿಂತವನು ಗಳ ಊರಿ ತಳ್ಳುತ್ತಾನೆ. ಒಬ್ಬ ಹುಡುಗನ ಗಳ ಕೆಸರಿನಲ್ಲಿ ಸಿಕ್ಕಿಕೊಂಡಿತು. ದೋಣಿ ಮುಂದೆ, ಗಳ ಹಿಂದೆ, ಹುಡುಗ ನಡುವೆ. ಭಾವನವರು ಎದ್ದು ನಿಂತು ಕನ್ನಡದಲ್ಲೇ ಕೂಗಿದರು, ‘ಬಿಡೋ, ಗಳ ಬಿಡೋ!’ ಅವನಿಗೆ ಏನು ತಿಳಿಯಿತೋ, ಬಿಟ್ಟ. ದಡದವರೆಲ್ಲ ಚಪ್ಪಾಳೆ ತಟ್ಟಿದರು. ಮರುದಿನ ಹೈಡೆಲ್‌ಬರ್ಗಿನ ಮಾತು ಎತ್ತಿದರೆ, ‘ಮಧ್ಯಾಹ್ನದ ದೋಣಿಗಳನ್ನು ನೋಡಿಕೊಂಡು ಹೇಳುತ್ತೇನೆ’ ಎಂದರು. ಐದೂ ದಿನ ಅಲ್ಲೇ ಉಳಿದೆವು. ಟಿಕೆಟ್ಟಿನ ಹಣ ಹೋಯಿತೆಂಬ ಕೊರಗು ಅವರಿಗೆ ಇಂದಿಗೂ ಇದೆ, ಅದು ಬೇರೆ ವಿಷಯ.

ಆ ಕಟ್ಟೆಯ ಪಕ್ಕದಲ್ಲೇ ಹಳದಿ ಗೋಪುರವೊಂದಿದೆ. ಹೋಲ್ಡರ್ಲಿನ್ ಎಂಬ ಕವಿಗೆ ಬುದ್ಧಿ ಕಲಕಿದಾಗ, ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಎಂದಿದ್ದರು ವೈದ್ಯರು. 1807ರಲ್ಲಿ ಬಡಗಿಯೊಬ್ಬ ಅವನನ್ನು ತನ್ನ ಆ ಗೋಪುರದ ಮನೆಗೆ ಕರೆದುಕೊಂಡ. ಕವಿ ಅಲ್ಲಿ ಬದುಕಿದ್ದು 36 ವರ್ಷ! ಒಂದೇ ಊರು, ಒಂದೇ ಮನೆ, ಕಿಟಕಿಯಿಂದ ಅದೇ ನದಿ. ನಿಮಗೆ ನಾನು ಕೇಳುತ್ತಿರುವುದು ಬರೀ ಐದು ದಿನ.

ನಮ್ಮ ಸಂಚಾಲಕರು ಗಾಜಿನಾಚೆ ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಗುಡ್ಡದ ಮೇಲಿನ ಕೋಟೆಗೆ ಹೋಗಿ. ಅದರ ಹಳೆಯ ಅಡುಗೆಮನೆ ಪ್ರಯೋಗಶಾಲೆಯಾಗಿದ್ದಾಗ, 1869ರಲ್ಲಿ, ಮೀಷರ್ ಎಂಬ ತರುಣ ಆಸ್ಪತ್ರೆಯ ಕೀವಿನ ಪಟ್ಟಿಗಳಿಂದ ಬೇರ್ಪಡಿಸಿದ ವಸ್ತುವನ್ನೇ ನಾವು ಈಗ ಡಿಎನ್‌ಎ ಎನ್ನುತ್ತೇವೆ. ಅಲ್ಲೇ ಮ್ಯಾಮತ್ ಎಂಬ, ಈಗ ಅಳಿದುಹೋದ ಆನೆಯ ದಂತದಲ್ಲಿ ಕೆತ್ತಿದ, ಸುಮಾರು 40,000 ವರ್ಷ ಹಳೆಯ ಪುಟ್ಟ ಕುದುರೆಯಿದೆ, ಹೆಬ್ಬೆರಳಿನಷ್ಟು. ಐದು ನಿಮಿಷದಲ್ಲಿ ನೋಡಿ ಹೊರಬರಬೇಡಿ, ದಯವಿಟ್ಟು. ಮರುದಿನ ಮತ್ತೆ ಹೋಗಿ, ಊರಿನಲ್ಲೇ ಇರುತ್ತೀರಲ್ಲ!

ಮತ್ತೆ, ಒಂದು ಸ್ಟೀಲ್ ಲೋಟ ಇಟ್ಟುಕೊಳ್ಳಿ. ಎಸೆಯುವ ಲೋಟಕ್ಕೆ ಆ ಊರು 2022ರಿಂದ 50 ಸೆಂಟ್ ತೆರಿಗೆ ಹಾಕಿದೆ. ಶನಿವಾರವೇ ಮೊಸರು ತಂದಿಡಿ. ನಮಸ್ಕಾರ.