ಅರ್ಧ ದಾರಿಯಲ್ಲಿ ನಿಂತ ಲಿನಕ್ಸ್

ಕೇಳುಗರೇ, ನಮಸ್ಕಾರ. ಒಂದು ರಾತ್ರಿ ನನ್ನ ಕಂಪ್ಯೂಟರಿಗೆ ಎರಡನೇ ಹಾರ್ಡ್ ಡಿಸ್ಕ್ ಹಾಕಿ ಆನ್ ಮಾಡಿದೆ. ಲಿನಕ್ಸ್ ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು. ಹೊಸ ಡಿಸ್ಕೇ ಕೆಟ್ಟಿದೆ ಅಂದುಕೊಂಡು ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿ ಒದ್ದಾಡಿದೆ. ತಪ್ಪು ನನ್ನದೇ ಆಗಿತ್ತು. ಹಿಂದಿನ ದಿನದವರೆಗೂ ಲಿನಕ್ಸ್ ಕೊಟ್ಟ ಹೆಸರಿನಲ್ಲಿ ಎಸ್‌ಡಿಎ ಆಗಿದ್ದ ಹಳೇ ಡಿಸ್ಕ್ ಅವತ್ತು ಎಸ್‌ಡಿಬಿ ಆಗಿತ್ತು, ನಾನೋ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು ಅಂತ ಲಿನಕ್ಸಿಗೆ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೇ ಹೆಸರನ್ನೇ ಬರೆದಿಟ್ಟಿದ್ದೆ. ಈ ಹೆಸರುಗಳು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಡಿಸ್ಕ್ ಕಂಡ ಸರದಿಯಲ್ಲಿ ಸಿಗುತ್ತವೆ, ಅವನ್ನು ನಂಬಬಾರದು. ಅಲ್ಲಿ ಯುಯುಐಡಿ, ಅಂದರೆ ಅದರದೇ ಗುರುತಿನ ಸಂಖ್ಯೆ ಬರೆಯಿರಿ. ಫಾರ್ಮ್ಯಾಟ್ ಮಾಡುವವರೆಗೆ ಅದು ಬದಲಾಗುವುದಿಲ್ಲ.

ಪಾರ್ಟಿಷನ್ ಮಾಡುವಾಗ, ಅಂದರೆ ಡಿಸ್ಕನ್ನು ಭಾಗಗಳಾಗಿ ಹಂಚುವಾಗ, ನಾವು ಜಾಗದ ಲೆಕ್ಕವನ್ನೇ ಜಾಸ್ತಿ ಹಾಕುತ್ತೇವೆ, ಅಲ್ವಾ? ಆದರೆ ಬೂಟ್ ಆಗುವಾಗ ಡಿಸ್ಕನ್ನು ಯಾರು ಓದುತ್ತಾರೆ, ಅವರಿಗೆ ಎಷ್ಟು ಓದೋಕೆ ಬರುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಹಳೇ ತಂತ್ರಾಂಶ ಬಯೋಸ್ ಓದುವುದು ಡಿಸ್ಕಿನ ಮೊದಲ 512 ಬೈಟ್ ಮಾತ್ರ. ಎಂಬಿಆರ್ ಅನ್ನುವ ಹಳೇ ಪಾರ್ಟಿಷನ್ ಪದ್ಧತಿಯಲ್ಲಿ ಅದರೊಳಗೆ 64 ಬೈಟ್ ಪಾರ್ಟಿಷನ್ ಪಟ್ಟಿಗೇ ಹೋಗುತ್ತದೆ, ಬೂಟ್ ಕೋಡಿಗೆ ಉಳಿಯುವುದು ಹೆಚ್ಚೆಂದರೆ 446. ಅಷ್ಟರಲ್ಲಿ ಏನು ತುರುಕೋಕಾಗುತ್ತೆ! ಅದಕ್ಕೇ ಲಿನಕ್ಸನ್ನು ಎಬ್ಬಿಸುವ ಗ್ರಬ್ ತನ್ನ ಮುಂದಿನ ಭಾಗವನ್ನು ಮೊದಲ ಪಾರ್ಟಿಷನ್ನಿಗಿಂತ ಮುಂಚಿನ ಖಾಲಿ ಜಾಗದಲ್ಲಿ ಇಡುತ್ತದೆ. ಮೊದಲೆಲ್ಲ ಪಾರ್ಟಿಷನ್ 63ನೇ ಸೆಕ್ಟರಿನಿಂದ, ಅಂದರೆ 512 ಬೈಟಿನ 63ನೇ ತುಂಡಿನಿಂದ, ಶುರುವಾಗುತ್ತಿತ್ತು, ಈಗ 2048ರಿಂದ, ಹಾಗಾಗಿ ಹೆಚ್ಚುಕಡಿಮೆ 1 ಎಂಬಿ ಸಿಗುತ್ತದೆ.

ಬಯೋಸ್ ಇರುವ ಯಂತ್ರದಲ್ಲೇ ಜಿಪಿಟಿ ಅನ್ನುವ ಹೊಸ ಪಾರ್ಟಿಷನ್ ಪದ್ಧತಿಯ ಡಿಸ್ಕ್ ಹಾಕಿದರೆ ಆ ಜಾಗವನ್ನು ನೆಚ್ಚಿಕೊಳ್ಳೋಕಾಗಲ್ಲ. 1 ಎಂಬಿಯ ಬಯೋಸ್ ಬೂಟ್ ಪಾರ್ಟಿಷನ್ ಬೇರೆಯಾಗಿ ಮಾಡಿ. ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಸುಮ್ನೆ ಬಿಡಿ. ಬಯೋಸ್ ಬದಲಿಗೆ ಬಂದ ಯುಇಎಫ್‌ಐ ಆದರೆ ಕಥೆಯೇ ಬೇರೆ: ಅದಕ್ಕೆ ಫ್ಯಾಟ್ ಅನ್ನುವ ಫೈಲ್ ವ್ಯವಸ್ಥೆ ಓದೋಕೆ ಬರುತ್ತದೆ, ಆದ್ದರಿಂದ ಫ್ಯಾಟ್32 ಮಾಡಿದ ಇಎಫ್‌ಐ ಪಾರ್ಟಿಷನ್ ಕೊಡಿ, 512 ಎಂಬಿ ಧಾರಾಳ. ಪಕ್ಕದಲ್ಲಿ ವಿಂಡೋಸ್ ಇದ್ದರೆ ಈ ಪಾರ್ಟಿಷನ್ ಆಗಲೇ ಇರುತ್ತದೆ. ಅದನ್ನು ಅಳಿಸಿ ಕೈ ಕೈ ಹಿಸುಕಿಕೊಂಡವರು ಬಹಳ ಜನ.

ಕರ್ನಲ್ ಫೈಲುಗಳಿರುವ ಬೂಟ್ ಡೈರೆಕ್ಟರಿಗೆ ಬೇರೆ ಪಾರ್ಟಿಷನ್ ಬೇಕಾ? ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡುವವರಿಗೆ ಬೇಕು, ಮನೆಯ ಸಾದಾ ಕಂಪ್ಯೂಟರಿಗೆ ಬೇಡ ಅನ್ನುತ್ತೇನೆ. ಮಾಡುವುದೇ ಆದರೆ 1 ಜಿಬಿ ಕೊಡಿ, ಜಿಪುಣತನ ಬೇಡ. ಹಳೇ ಕರ್ನಲ್‌ಗಳು ಸೇರಿಕೊಂಡು ಜಾಗ ತುಂಬಿದರೆ ಅಪ್‌ಡೇಟ್ ನಡುವೆಯೇ ಕೆಡುತ್ತದೆ, ಅರ್ಧ ಬರೆದ ಫೈಲಿನಿಂದ ಬೂಟ್ ಆಗುತ್ತಾ? ಸರ್ವರ್ ಆದರೆ ಲಾಗ್, ಅಂದರೆ ದಿನಚರಿ ಫೈಲುಗಳು ಸೇರುವ ವಾರ್ (/var) ಡೈರೆಕ್ಟರಿಯನ್ನು ಬೇರೆ ಇಡಿ, ಲಾಗ್ ಉಕ್ಕಿದರೂ ರೂಟ್, ಅಂದರೆ ಮುಖ್ಯ ಪಾರ್ಟಿಷನ್, ತುಂಬುವುದಿಲ್ಲ.

ಇನ್ನು ನನ್ನ ಆ ಎರಡನೇ ಡಿಸ್ಕ್. ಎಫ್‌ಎಸ್‌ಟ್ಯಾಬ್ ಫೈಲಿನ ಅದರ ಸಾಲಿನಲ್ಲಿ ಈಗ ನೋಫೇಲ್, ಅಂದರೆ ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಿಸಬೇಡ, ಅಂತ ಸೇರಿಸಿದ್ದೇನೆ. ಮೊನ್ನೆ ಅದರ ಕೇಬಲ್ ಸಡಿಲವಾಗಿತ್ತು. ಕಂಪ್ಯೂಟರ್ ತನ್ನ ಪಾಡಿಗೆ ತಾನು ಬೂಟ್ ಆಯಿತು, ಡಿಸ್ಕ್ ಇಲ್ಲ ಅನ್ನುವುದು ನನಗೆ ಗೊತ್ತಾಗಿದ್ದೇ ಸಂಜೆ, ಫೋಟೋ ಹುಡುಕುವಾಗ.