ಕಳ್ಳ ಇಲ್ಲಿ, ಸಾಕ್ಷಿ ಅಮೆರಿಕದಲ್ಲಿ: ಪೊಲೀಸರು ತರಿಸುವುದು ಹೇಗೆ?

[ಸ್ಕ್ರೀನ್ ಮೇಲೆ: 1990 – 1997]

ನಮಸ್ಕಾರ. ಬೊಫೋರ್ಸ್ ಫಿರಂಗಿ ವ್ಯವಹಾರದಲ್ಲಿ ಸಿಬಿಐ ಎಫ್‌ಐಆರ್ ಹಾಕಿದ್ದು 1990ರ ಜನವರಿಯಲ್ಲಿ. ಕಮಿಷನ್ ಹೋಗಿದೆ ಎನ್ನಲಾದ ಸ್ವಿಸ್ ಬ್ಯಾಂಕ್ ಖಾತೆಗಳ ಮೊದಲ ಕಂತಿನ ದಾಖಲೆ ದೆಹಲಿಗೆ ಬಂದಿದ್ದು 1997ರ ಜನವರಿಯಲ್ಲಿ. ಏಳು ವರ್ಷ! ಅಷ್ಟು ದಿನವೂ ಅಲ್ಲಿನ ಕೋರ್ಟುಗಳಲ್ಲಿ ಮೇಲ್ಮನವಿ ಮೇಲೆ ಮೇಲ್ಮನವಿ ನಡೆದಿತ್ತು.

ನಮ್ಮವರೇ ವಿಮಾನ ಹತ್ತಿ ಹೋಗಿ ತರಬಾರದಾ? ಆಗಲ್ಲ. ನಮ್ಮ ಪೊಲೀಸರ ಅಧಿಕಾರ ಗಡಿ ದಾಟುವುದಿಲ್ಲ.

ದಾರಿ ಎರಡಿವೆ. ಒಂದು ಇಂಟರ್‌ಪೋಲ್, ಅಂದರೆ ದೇಶದೇಶಗಳ ಪೊಲೀಸರನ್ನು ಜೋಡಿಸುವ ಸಂಸ್ಥೆ. ಭಾರತದಲ್ಲಿ ಅದರ ಕೆಲಸ ನೋಡುವುದು ಸಿಬಿಐ. 2025ರ ಜನವರಿಯಿಂದ ರಾಜ್ಯದ ಪೊಲೀಸರೂ ಭಾರತ್‌ಪೋಲ್ ಪೋರ್ಟಲ್ ಮೂಲಕ ಕೇಳಬಹುದು. ಇದು ಬೇಗ ಆಗುತ್ತದೆ, ಆದರೆ ಸಿಗುವುದು ಸುಳಿವು. ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯ ಬೇಕು ಅಂದರೆ ಎರಡನೇ ದಾರಿಯೇ ಗತಿ: ತನಿಖೆಯಲ್ಲಿ ಪರಸ್ಪರ ನೆರವಾಗುವ ಒಪ್ಪಂದವಿರುವ ದೇಶಕ್ಕೆ ಕೇಂದ್ರ ಗೃಹ ಸಚಿವಾಲಯದ ಮೂಲಕ ಕೋರಿಕೆ, ಇಲ್ಲವೇ ನಮ್ಮ ಕೋರ್ಟಿನಿಂದಲೇ ಪತ್ರ. ಈ ಪತ್ರಕ್ಕೆ ಲೆಟರ್ ರೊಗೇಟರಿ ಅಂತಾರೆ. ಇದಕ್ಕೆ ಆಧಾರ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 166ಎ, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 112.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಹುಡುಗನಿಗೆ ಜಿಮೇಲ್‌ನಿಂದ ನಕಲಿ ಆಫರ್ ಲೆಟರ್ ಬಂತು, ಎರಡು ಲಕ್ಷ ಹೋಯಿತು. ಖಾತೆ ಯಾರ ಹೆಸರಲ್ಲಿದೆ, ಯಾವ ಐಪಿಯಿಂದ (ಇಂಟರ್‌ನೆಟ್ ವಿಳಾಸದಿಂದ) ಲಾಗಿನ್ ಆಗಿದೆ, ಇಷ್ಟನ್ನು ಜಿಮೇಲ್ ನಡೆಸುವ ಗೂಗಲ್ ಕಂಪನಿ ನಮ್ಮ ಪೊಲೀಸರಿಗೆ ನೇರವಾಗಿ ಕೊಡಬಹುದು. ಮೇಲ್ ಒಳಗೆ ಏನಿದೆ ಅನ್ನುವುದು ಬೇಕಾದರೆ ಮಾತ್ರ ಅಮೆರಿಕದ ನ್ಯಾಯಾಧೀಶರ ವಾರಂಟ್ ಬೇಕು. ಆ ದೇಶದ ಜೊತೆ ನಮ್ಮ ಒಪ್ಪಂದ 2001ರಲ್ಲಿ ಸಹಿಯಾಗಿ 2005ರಲ್ಲಿ ಜಾರಿಗೆ ಬಂದಿದೆ. ಕಾಗದ ಠಾಣೆಯಿಂದ ರಾಜ್ಯ ಗೃಹ ಇಲಾಖೆ, ಅಲ್ಲಿಂದ ದೆಹಲಿ, ಅಲ್ಲಿಂದ ಅವರ ನ್ಯಾಯ ಇಲಾಖೆ, ಆಮೇಲೆ ಅಲ್ಲಿನ ಕೋರ್ಟು, ಕೊನೆಗೆ ಕಂಪನಿ.

ತಡ ಆಗುವುದಕ್ಕೆ ಫಾರಿನ್‌ನವರನ್ನೇ ಬೈಯುವುದು ಸುಲಭ. ನನಗೆ ಕೇಳಿದರೆ, ಎಷ್ಟೋ ಸಲ ಪತ್ರ ಬರೆಯುವಾಗಲೇ ಕೇಸು ಅರ್ಧ ಸೋತಿರುತ್ತದೆ.

[ಸ್ಕ್ರೀನ್ ಮೇಲೆ ಎರಡು ಪತ್ರ, ಅಕ್ಕಪಕ್ಕ]

ಎಡಗಡೆ: "ಸದರಿ ಖಾತೆಯ ಸಂಪೂರ್ಣ ಮಾಹಿತಿ ಒದಗಿಸಲು ಕೋರಿದೆ." ಇದು ವಾಪಸ್ ಬರುವ ಪತ್ರ. ಬಲಗಡೆ: "ಮಾರ್ಚ್ 3ರಂದು ಈ ವಿಳಾಸದಿಂದ ನಕಲಿ ನೇಮಕಾತಿ ಪತ್ರ ಬಂದಿದೆ, ಮರುದಿನ ಅದರಲ್ಲಿದ್ದ ಬ್ಯಾಂಕ್ ಖಾತೆಗೆ ದೂರುದಾರರು ಎರಡು ಲಕ್ಷ ಹಾಕಿದ್ದಾರೆ, ಮಾರ್ಚ್ 1ರಿಂದ 10ರವರೆಗಿನ ಮೇಲ್‌ಗಳು ಬೇಕು." ಓದುವ ನ್ಯಾಯಾಧೀಶರಿಗೆ ನಮ್ಮ ಠಾಣೆ, ನಮ್ಮ ಸೆಕ್ಷನ್ ನಂಬರು ಒಂದೂ ಗೊತ್ತಿರುವುದಿಲ್ಲ, ಅಲ್ವಾ? ಆ ಖಾತೆಗೂ ಅಪರಾಧಕ್ಕೂ ಏನು ನಂಟು ಅನ್ನುವುದು ಕಾಗದದಲ್ಲೇ ಕಾಣಬೇಕು.

ಪತ್ರ ಊರೂರು ಸುತ್ತುವಷ್ಟರಲ್ಲಿ ಕಳ್ಳ ಮೇಲ್ ಡಿಲೀಟ್ ಮಾಡಿದರೆ? ಅದಕ್ಕೇ ಮೊದಲ ದಿನವೇ "ಡೇಟಾ ಹಾಗೇ ಕಾಪಾಡಿಡಿ" ಅಂತ ಕೇಳಿಬಿಡಬೇಕು. ಅಮೆರಿಕದ ಕಾನೂನಿನಲ್ಲಿ ಇದಕ್ಕೆ 90 ದಿನ, ಮತ್ತೆ ಕೇಳಿದರೆ ಇನ್ನೂ 90. ಇದನ್ನು ಮರೆತರೆ ಆಮೇಲೆ ವಾರಂಟ್ ಸಿಕ್ಕರೂ ಖಾತೆ ಖಾಲಿ ಇರಬಹುದು.

ಬ್ರಿಟನ್ನಿನವರಿಗೆ ಇಷ್ಟು ಪಾಡಿಲ್ಲ. ಅಮೆರಿಕದ 2018ರ ಕ್ಲೌಡ್ ಆಕ್ಟ್ ಎಂಬ ಕಾನೂನಿನ ಅಡಿ ಆ ದೇಶದ ಜೊತೆ ಮಾಡಿಕೊಂಡ ಒಪ್ಪಂದ 2022ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ, ಗಂಭೀರ ಅಪರಾಧಗಳಲ್ಲಿ ಅವರ ಆದೇಶ ಸೀದಾ ಕಂಪನಿಗೇ ಹೋಗುತ್ತದೆ. ನಮಗೆ ಹಳೇ ದಾರಿಯೇ.

ನಿಮಗೇ ಇಂಥ ಮೋಸ ಆದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೇಲ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಮೂರು ಚುಕ್ಕಿ ಒತ್ತಿ, "ಶೋ ಒರಿಜಿನಲ್" ಆರಿಸಿ, ಆ ಫೈಲನ್ನು ಡೌನ್‌ಲೋಡ್ ಮಾಡಿ ದೂರಿನ ಜೊತೆ ಕೊಡಿ.