ಜರ್ಮನಿಗೆ ಹೊರಡುವ ಮುಂಚಿನ ಒಂದು ವರ್ಷ

ಎಲ್ಲರಿಗೂ ನಮಸ್ಕಾರ.

ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ಕೇಳಿಯೇ ನಿಮ್ಮಲ್ಲಿ ಬಹಳ ಜನ ಇಲ್ಲಿಗೆ ಬಂದಿದ್ದೀರಿ. ಅದು ಮುಕ್ಕಾಲು ಪಾಲು ನಿಜ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕೋರ್ಸ್‌ಗಳಿಗೆ ಬೋಧನಾ ಶುಲ್ಕ ಇಲ್ಲ. ಆದರೆ ಸ್ಟುಟ್‌ಗಾರ್ಟ್, ಹೈಡಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಭಾರತದಂಥ ದೇಶಗಳಿಂದ ಬರುವವರು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಖಾಸಗಿ ಕಾಲೇಜುಗಳ ಮಾತಂತೂ ಬೇರೆಯೇ. ಏಜೆಂಟ್ ಯಾರಾದರೂ ಸೀಟು ಗ್ಯಾರಂಟಿ ಅಂದರೆ, ಅದು ಸರ್ಕಾರಿಯೋ ಖಾಸಗಿಯೋ ಅಂತ ಮೊದಲು ಕೇಳಿ.

ನಾನು ಇವತ್ತು ಒತ್ತಿ ಹೇಳುವುದು ಒಂದೇ ಮಾತು. ಕಾಗದಪತ್ರಗಳ ಕೆಲಸ ಬೇಗ ಶುರು ಮಾಡಿ. ಇಲ್ಲಿ ಒಂದು ಕಾಗದ ಬಾರದೆ ಇನ್ನೊಂದು ಮುಂದಕ್ಕೆ ಹೋಗುವುದಿಲ್ಲ. ಅಕ್ಟೋಬರ್‌ನಲ್ಲಿ ತರಗತಿಗೆ ಸೇರಬೇಕಾದರೆ ಹಿಂದಿನ ವರ್ಷವೇ ಓಡಾಟ ಆರಂಭವಾಗಬೇಕು.

ಮೊದಲನೆಯದು ಎಪಿಎಸ್ ಪ್ರಮಾಣಪತ್ರ. ನಿಮ್ಮ ಅಂಕಪಟ್ಟಿಗಳು ಅಸಲಿ ಅಂತ ಪರಿಶೀಲಿಸಿ ದೆಹಲಿಯಿಂದ ಕೊಡುತ್ತಾರೆ. 2022ರ ನವೆಂಬರ್‌ನಿಂದ ವೀಸಾಕ್ಕೆ ಇದು ಕಡ್ಡಾಯ. ಇಲ್ಲೇ ನಮ್ಮವರಿಗೆ ಹೆಸರಿನ ತಾಪತ್ರಯ ಎದುರಾಗುತ್ತದೆ. ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್. ಆರ್.’ ಅಂತಿರುತ್ತದೆ ಅಂದುಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ‘ಕಾವ್ಯ ಹೊನ್ನವಳ್ಳಿ ರಾಮಚಂದ್ರ’ ಅಂತ ಬರೆದಿರುತ್ತಾರೆ. ಎಚ್ ಅಂದರೆ ಊರು, ಆರ್ ಅಂದರೆ ಅಪ್ಪ ಅಂತ ನಮಗೆ ಗೊತ್ತು. ಅಲ್ಲಿನ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಅವರ ಪಾಲಿಗೆ ಇವರು ಇಬ್ಬರು. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಸರ್‌ನೇಮ್ ಜಾಗ ಖಾಲಿ ಇದ್ದರೆ, ಪಾಸ್‌ಪೋರ್ಟನ್ನೇ ಈಗಲೇ ಸರಿಮಾಡಿಸಿ. ಇವತ್ತು ಮನೆಗೆ ಹೋದ ತಕ್ಷಣ ಅಂಕಪಟ್ಟಿ, ಪಾಸ್‌ಪೋರ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ದುಡ್ಡು. ವರ್ಷದ ಜೀವನ ಖರ್ಚಿಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ಒಟ್ಟಿಗೆ ತೆಗೆಯಲಾಗದ ಖಾತೆಯಲ್ಲಿ, 11,904 ಯೂರೋ ಮೊದಲೇ ಇಡಬೇಕು. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಹತ್ತಿರ ಹತ್ತಿರ 12 ಲಕ್ಷ. ಇದು ಶುಲ್ಕವಲ್ಲ, ನಿಮ್ಮದೇ ಹಣ. ತಿಂಗಳಿಗೆ 992 ಯೂರೋದಂತೆ ವಾಪಸ್ ಕೈಗೆ ಬರುತ್ತದೆ. ಮ್ಯೂನಿಕ್‌ನಲ್ಲಿ ಬಾಡಿಗೆ, ಆರೋಗ್ಯ ವಿಮೆ ಕಳೆದರೆ ಅದರಲ್ಲಿ ಉಳಿಯುವುದು ಸ್ವಲ್ಪವೇ. ಕೆಮ್ನಿಟ್ಸ್, ಮಾಗ್ಡೆಬರ್ಗ್‌ನಂಥ ಊರುಗಳಲ್ಲಿ ಬಾಡಿಗೆ ಕಮ್ಮಿ, ಇಂಜಿನಿಯರಿಂಗ್ ಓದೂ ಚೆನ್ನಾಗಿದೆ. ಊರಿನ ಹೆಸರಿಗೆ ಮರುಳಾಗದೆ ಅವನ್ನೂ ಪಟ್ಟಿಗೆ ಸೇರಿಸಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ನಿಜ. ಆದರೆ ಆ ಸಂಬಳ ನಂಬಿಕೊಂಡು ಸಾಲದ ಕಂತಿನ ಲೆಕ್ಕ ಹಾಕಬೇಡಿ. ಜರ್ಮನ್ ಬಾರದವರಿಗೆ ಕೆಲಸ ಸಿಗುವುದೇ ಕಷ್ಟ.

ಕೋರ್ಸ್ ಇಂಗ್ಲಿಷಿನಲ್ಲಿ ಇದೆಯಲ್ಲ, ಜರ್ಮನ್ ಯಾಕೆ ಅಂತ ಕೇಳುತ್ತೀರಿ, ಅಲ್ವಾ? ಮನೆ ಮಾಲೀಕರ ಜತೆ, ನಗರದ ಕಚೇರಿಯಲ್ಲಿ, ಡಾಕ್ಟರ್ ಹತ್ತಿರ ಯಾವ ಭಾಷೆ ಆಡುತ್ತೀರಿ? ಎ2 ಮಟ್ಟದವರೆಗಾದರೂ, ಅಂದರೆ ದಿನನಿತ್ಯದ ಸರಳ ಮಾತುಕತೆ ಬರುವಷ್ಟಾದರೂ, ಇಲ್ಲೇ ಕಲಿತು ಹೋಗಿ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳಿವೆ.

ಕೊನೆಯದಾಗಿ ಮನೆ. ಕೋಣೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಮುಂದಿನ ಎಷ್ಟೋ ಕೆಲಸ ಇದರ ಮೇಲೆಯೇ ನಿಂತಿದೆ. ವಿದ್ಯಾರ್ಥಿ ಹಾಸ್ಟೆಲ್‌ಗಳಿಗೆ ಉದ್ದದ ಕಾಯುವ ಪಟ್ಟಿ ಇರುತ್ತದೆ, ವಿಶ್ವವಿದ್ಯಾಲಯದಿಂದ ಸೀಟು ಸಿಕ್ಕ ಪತ್ರ ಬಂದ ದಿನವೇ ಅರ್ಜಿ ಹಾಕಿ. ಆನ್‌ಲೈನಿನಲ್ಲಿ ಚೆಂದದ ಫೋಟೋ ತೋರಿಸಿ, ‘ನಾನು ಊರಲ್ಲಿಲ್ಲ, ಅಡ್ವಾನ್ಸ್ ಹಾಕಿ, ಕೀ ಕೊರಿಯರ್ ಮಾಡುತ್ತೇನೆ’ ಅನ್ನುವವರಿಗೆ ಒಂದು ಯೂರೋ ಕೂಡ ಕಳಿಸಬೇಡಿ. ಸಾಲ ಮಾಡಿದ ದುಡ್ಡು ಹೀಗೆ ಹೋದರೆ ಹೊಟ್ಟೆ ಉರಿಯುತ್ತದೆ. ಆ ಊರಲ್ಲಿರುವ ಸೀನಿಯರ್‌ಗಳನ್ನು ಹುಡುಕಿ. ಫ್ರಾಂಕ್‌ಫರ್ಟ್ ಕಡೆ ರೈನ್ ಮೈನ್ ಕನ್ನಡ ಸಂಘ ಇದೆ, ಅಲ್ಲಿ ವಿಚಾರಿಸಿ. ಯಾರಾದರೂ ಒಬ್ಬರು ಹೋಗಿ ಕೋಣೆ ನೋಡಿ ಬರಲಿ, ಆಮೇಲೆ ಹಣ ಹಾಕಿ.

ಸಾಲದ ಬಗ್ಗೆ ಅಪ್ಪ ಅಮ್ಮಂದಿರಿಗೆ ಪ್ರಶ್ನೆಗಳಿರಬಹುದು. ಈಗ ಕೇಳಿ.